ಆರನೇ ಬಟನ್ ಮಾತಾಡವಲ್ದು

ದುಮ್ಮವಾಡ
12 ಜೂನ್ 2024

ಅನ್ನಪೂರ್ಣಾ ವೈನಿ,

ಕ್ಷೇಮ ಸಮಾಚಾರ ಆಮೇಲೆ. ಅವ್ವನಿಗೆ ಲಕ್ವಾ ಹೊಡೆದು ಮಾತು ನಿಂತುಹೋಗಿದೆ ಅಂತ ನನಗೆ ಗೊತ್ತಾದದ್ದು ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ, ನಮ್ಮೂರ ಬಳೆಗಾರ್ತಿ ಬಾಷಾಬಿಯ ಬಾಯಿಂದ. ಹೆತ್ತ ಮಗಳಿಗೆ ಸುದ್ದಿ ಮುಟ್ಟಿಸಲು ಗುಡಗೇರಿಯಲ್ಲಿ ಬಳೆ ಮಾರುವವರನ್ನು ಬಿಟ್ಟರೆ ಯಾರೂ ಇರಲಿಲ್ಲವೇ?

ಅಪ್ಪನ ಸಿಟ್ಟು ನನಗೆ ಗೊತ್ತು. ಅಪ್ಪ ನೋಡಿದ ವರನನ್ನು ಬಿಟ್ಟು ಫಕೀರೇಶನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವಳು ನಾನು. "ಅಕಿ ಕೂಡ ಯಾರರ ಮಾತಾಡಿದ್ರ ನನ್ನ ಆಣಿ ಐತಿ" ಅಂದನಂತೆ. ಇರಲಿ. ಆದರೆ ಬಾಷಾಬಿ ಹೇಳಿದ್ದು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅವ್ವ ಎಡಗೈಯಿಂದ ಮಂಚ ಬಡಿಯುತ್ತಾಳಂತೆ, ಫ್ಯಾನು ಬೇಕು ಅಂದರೆ ನೀವು ನೀರು ಕೊಡುತ್ತೀರಂತೆ. ಸಂತೆಯಲ್ಲಿ ಈ ತುದಿಗೆ ನಿಂತು ಕೂಗಿದರೆ ಆ ತುದಿಯ ಮೆಣಸಿನಕಾಯಿ ಸಾಲಿಗೆ ಕೇಳುತ್ತಿದ್ದ ದನಿ ವೈನಿ ಅದು!

ಆ ದನಿ ನನ್ನ ಹತ್ತಿರ ಇದೆ. ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗ ಅವ್ವ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಒಂದೂ ಅಳಿಸಿಲ್ಲ. ಅದರಿಂದ ಐದು ಮಾತು ಕತ್ತರಿಸಿ ತೆಗೆದಿದ್ದೇನೆ: ನೀರು, ಚಹಾ, ಊಟ, ಫ್ಯಾನು, ಮೈ ನೋಯುವಾಗಿನ ಬ್ಯಾನಿ. ಪರದೆಯ ಮೇಲೆ ಚಿತ್ರ ಒತ್ತಿದರೆ ಅವ್ವನ ದನಿಯೇ ಮಾತಾಡಬೇಕು. ಬ್ರೌಸರಿನಲ್ಲೇ ಪ್ರೋಗ್ರಾಂ ಬರೆಯುವ ಒಂದು ಜಾಲತಾಣವಿದೆ, ಇಲ್ಲಿ ಹೈಸ್ಕೂಲ್ ಮಕ್ಕಳಿಗೆ ನಾನು ಕಲಿಸುವುದು ಅದರಲ್ಲೇ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಲೈಬ್ರರಿಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಆಮೇಲೆ ನಿಮ್ಮ ಫೋನಿನಲ್ಲೂ. ವಿಳಾಸ ಇನ್ನೊಂದು ಹಾಳೆಯಲ್ಲಿದೆ. ತೆರೆದು ನಿಮ್ಮದೊಂದು ನಕಲು ಮಾಡಿಕೊಳ್ಳಿ. ಆ ನಕಲಿನೊಳಗೆ ಏನಾಗುತ್ತದೆ ಅಂತ ನನಗೆ ಇಲ್ಲಿಂದ ಕಾಣುವುದಿಲ್ಲ, ನೀವು ಬರೆದರೇ ಗೊತ್ತು.

ಆರನೆಯದು ಅಪ್ಪನನ್ನು ಕರೆಯುವ ಬಟನ್. ಅವ್ವ ಅಪ್ಪನ ಹೆಸರು ಹೇಳಿದ್ದು ನನಗೆ ನೆನಪಿರುವಂತೆ ಒಂದೇ ಸಲ, ನೀವು ಮದುಮಗಳಾಗಿ ಹೊಸ್ತಿಲಲ್ಲಿ ನಿಂತಾಗ. ಹೆಂಗಸರೆಲ್ಲ ಅಡ್ಡಗಟ್ಟಿ ನಿಮ್ಮ ಜೊತೆ ಅತ್ತೆಯೂ ಗಂಡನ ಹೆಸರಿಟ್ಟು ಒಡಪು ಹೇಳಲೇಬೇಕು ಅಂತ ಹಟ ಹಿಡಿದರಲ್ಲ:

ಹಗ್ಗಕ್ಕ ಗಂಟು ಹಾಕತಾರ ಹತ್ತು,
ಸಿಟ್ಟು ಬಂದ್ರ ಮಾತಾಡಂಗಿಲ್ಲ ಮೂರ್ಹೊತ್ತು,
ಹನಮಂತಪ್ಪನವರ ಗಂಟು ಬಿಚ್ಚೂದು ನನಗಷ್ಟ ಗೊತ್ತು.

ಆ ವಿಡಿಯೋ ನಿಮ್ಮ ಫೋನಿನಲ್ಲಿದೆ. ಅದರ ದನಿ ತೆಗೆದು, ಹೆಸರಿನಷ್ಟೇ ಭಾಗ ಕತ್ತರಿಸಿ, dhwani ಅನ್ನುವ ಫೋಲ್ಡರಿಗೆ hanamantappa.mp3 ಅಂತ ಹಾಕಿ. ಊರ ಲೈಬ್ರರಿ ನೋಡಿಕೊಳ್ಳುವ ಶಮಾಗೆ ಇದೆಲ್ಲ ಬರುತ್ತದೆ. ಪತ್ರವನ್ನು ಅವಳ ಲೈಬ್ರರಿಗೇ ಹಾಕುತ್ತಿದ್ದೇನೆ. ಬೇಗ ಮಾಡಿ.

ನಿಮ್ಮ ನಾದಿನಿ ಅನ್ನಿಸಿಕೊಳ್ಳುವ ಹಕ್ಕು ಇನ್ನೂ ಇದ್ದರೆ,
ಕೃಷ್ಣಾ


ಗುಡಗೇರಿ
24 ಜೂನ್ 2024

ಕೃಷ್ಣಾ,

ಪತ್ರ ಮುಟ್ಟಿತು. ಬೈಗುಳವೂ ಮುಟ್ಟಿತು.

ನಾನು ನಿನ್ನ ಜೊತೆ ಮಾತಾಡುವುದಿಲ್ಲ ಅಂತ ಮಾವನವರ ಕೈ ಮುಟ್ಟಿ ಆಣೆ ಮಾಡಿದ್ದೇನೆ, ಫೋನಿನಲ್ಲಿ ನಿನ್ನ ಸುದ್ದಿ ತರುವುದಿಲ್ಲ ಅಂತಲೂ ಹೇಳಿದ್ದೇನೆ. ಅದನ್ನು ಮುರಿಯುವವಳಲ್ಲ. ಶಮಾ ತನ್ನ ಫೋನು ಮುಂದೆ ಹಿಡಿದು "ಹಚ್ಚಿ ಕೊಡ್ಲೇನ್ರಿ?" ಅಂದಳು, ಬೇಡ ಅಂದೆ. ಆದರೆ ಬರೆಯಬಾರದು ಅಂತ ಅವರು ಹೇಳಿಲ್ಲ, ನಾನೂ ನೆನಪು ಮಾಡಿಕೊಟ್ಟಿಲ್ಲ. ಆದ್ದರಿಂದ ಬರೆಯುತ್ತೇನೆ.

ಸುದ್ದಿ ಮುಟ್ಟಿಸಲಿಲ್ಲ ಅಂದೆಯಲ್ಲ, ಬಾಷಾಬಿಯನ್ನು ಕಲಘಟಗಿಗೆ ಕಳಿಸಿದವರು ಯಾರು ಅಂತ ಒಮ್ಮೆ ಅವಳನ್ನೇ ಕೇಳು. ಅಷ್ಟು ದೂರ ಬಳೆ ಮಾರಲು ಅವಳಿಗೇನು ಹುಚ್ಚೇ?

ನೀನು ಹೇಳಿದಂತೆ ನಕಲು ಮಾಡಿದೆವು. ನನ್ನ ಫೋನು ಈಗ ಅತ್ತೆಯ ತಲೆದಿಂಬಿನ ಹತ್ತಿರವೇ ಇರುತ್ತದೆ, ಅದರಲ್ಲಿ ಪುಟ ತೆರೆದು ಕೊಟ್ಟೆ. ಚಿತ್ರಗಳು ಚೆನ್ನಾಗಿ ಬಂದವು. ಚಹಾದ ಕಪ್ಪು ನೋಡಿ ಅತ್ತೆಯ ಮುಖ ಅರಳಿತು, ಎಡಗೈ ಬೆರಳು ಚಾಚಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಫೋನು ತಿರುಗಿಸಿ ಬೆನ್ನು ನೋಡಿದರು, ದನಿ ಹಿಂದೆ ಎಲ್ಲೋ ಸಿಕ್ಕಿಕೊಂಡಿದೆಯೋ ಅನ್ನುವ ಹಾಗೆ. ಆಮೇಲೆ ಫೋನನ್ನು ನನ್ನ ಕಡೆ ದೂಡಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಒಂದು ಬಟನ್ನೂ ಮಾತಾಡುವುದಿಲ್ಲ. ಆಸೆ ತೋರಿಸಿ ಹೀಗೆ ಮಾಡಬೇಡ ತಾಯಿ.

ಅನ್ನಪೂರ್ಣಾ


ದುಮ್ಮವಾಡ
1 ಜುಲೈ 2024

ವೈನಿ,

ಇಲ್ಲಿ ಎಲ್ಲವೂ ಬರೋಬ್ಬರಿ ಓಡುತ್ತಿತ್ತು. ನಾನೇ ಕಿವಿಯಾರೆ ಕೇಳಿದ್ದೇನೆ. ನೀವು ಫೋನಿನ ದನಿ ಮುಚ್ಚಿಟ್ಟಿರಬೇಕು. ಇಲ್ಲವೇ ನಕಲು ಮಾಡುವಾಗ ಅರ್ಧಕ್ಕೇ ಬಿಟ್ಟಿರಬೇಕು. ಶಮಾಗೆ ಹೇಳಿ ಇನ್ನೊಮ್ಮೆ

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಈಗ ಮತ್ತೆ ಬರೆಯುತ್ತಿದ್ದೇನೆ. ತಪ್ಪು ನನ್ನದು. ಮೇಲಿನದನ್ನು ಹೊಡೆದು ಹಾಕುವುದಿಲ್ಲ, ಓದಿ ನಗಿ.

ನಾನು ಮೊದಲು ಇದನ್ನು ಶಾಲೆಯ ಕಂಪ್ಯೂಟರಿನಲ್ಲೇ ಕಟ್ಟಿದ್ದು. ಅವಸರದಲ್ಲಿ ಕೊನೇ ಗಂಟೆ ಬಾರಿಸುವಾಗ ಜಾಲತಾಣಕ್ಕೆ ಏರಿಸಿದೆ, ಅಲ್ಲಿ ಒತ್ತಿ ನೋಡಲಿಲ್ಲ. ಪ್ರೋಗ್ರಾಮಿನೊಳಗೆ ಅವ್ವನ ದನಿಯ ವಿಳಾಸ ಹೀಗಿದೆ:

C:/Users/Krishna/Desktop/avva/dhwani/neeru.mp3

ಇದು ದುಮ್ಮವಾಡದ ಒಂದು ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಳಾಸ. ಗುಡಗೇರಿಯ ಫೋನು ಅದನ್ನು ಎಲ್ಲಿ ಅಂತ ಹುಡುಕಬೇಕು? ನೀವು ಅಡುಗೆಮನೆಯಲ್ಲಿ ನಿಂತಿದ್ದೀರಿ, ಹೊಸಬರು ಯಾರೋ ನೀರಿನ ಹಂಡೆ ಎಲ್ಲಿ ಅಂತ ಕೇಳಿದರು ಅನ್ನಿ. ರಾಜ್ಯ, ಜಿಲ್ಲೆ, ತಾಲೂಕು ಎಲ್ಲ ಹೇಳುತ್ತೀರಾ? "ಹೊಸ್ತಿಲ ದಾಟಿ ಹೊರಗ ಹೋಗ್ರಿ, ಬಾಜೂಕ ಬಚ್ಚಲದಾಗ ಐತಿ" ಅನ್ನುತ್ತೀರಿ. ಇಲ್ಲೂ ಅಷ್ಟೇ ಹೇಳಬೇಕು. ಪುಟ ಇರುವುದು puta ಅನ್ನುವ ಕೋಣೆಯಲ್ಲಿ, ದನಿಗಳಿರುವುದು ಪಕ್ಕದ dhwani ಕೋಣೆಯಲ್ಲಿ. ಎರಡು ಚುಕ್ಕಿ ಅಂದರೆ ಹೊಸ್ತಿಲು ದಾಟಿ ಹೊರಗೆ ಬಾ ಅಂತ. ಹೀಗೆ:

../dhwani/neeru.mp3

ಆರೂ ಸಾಲುಗಳನ್ನು ಇನ್ನೊಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಹಳೆಯದನ್ನು ಅಳಿಸಿ ಇದನ್ನು ಹಾಕಿ. ಒಂದು ಚುಕ್ಕಿ ತಪ್ಪಿದರೂ ಮಾತಾಡುವುದಿಲ್ಲ, ಅಪ್ಪನಿಗಿಂತ ಹಟಮಾರಿ ಇದು.

ಬಾಷಾಬಿಯನ್ನು ಕೇಳಿದೆ. ಹೇಳಿದಳು. ಕಳಿಸಿದವರು ನೀವಂತೆ.

ಕೃಷ್ಣಾ


ಗುಡಗೇರಿ
15 ಜುಲೈ 2024

ಕೃಷ್ಣಾ,

ಮಾತಾಡಿದವು!

ಅತ್ತೆ ಚಹಾದ ಕಪ್ಪು ಒತ್ತಿದರು. "ಚಾ ಕಾಸ್ರೆವ್ವಾ ಒಂದೀಟು" ಅಂತ ಅದೇ ಮೊದಲಿನ ದನಿ, ಜೋರು! ನಾನು ಒಲೆ ಮುಂದಿನಿಂದ "ಬಂದೆ ಅತ್ತಿ" ಅಂತ ಓ ಕೊಟ್ಟೇಬಿಟ್ಟೆ. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅವರ ನಗು ಈಗ ಒಂದೇ ಮಗ್ಗುಲಿಗೆ ಬರುತ್ತದೆ, ಆದರೂ ನಗುವೇ. ಬೇಕಿದ್ದರೂ ಬೇಡದಿದ್ದರೂ ಅವತ್ತು ಎಷ್ಟು ಸಲ ಚಹಾ ಕಾಸಿದೆನೋ ದೇವರಿಗೇ ಗೊತ್ತು. ನಿಮ್ಮ ಅಣ್ಣ ಬಾಗಿಲಲ್ಲಿ ನಿಂತು ಕೇಳಿ, ಕಣ್ಣಲ್ಲಿ ಕಸ ಬಿತ್ತು ಅಂತ ಹೊರಗೆ ಹೋದರು.

ಮಾವನವರು ಕೇಳಿದರು, ಇದೇನು ಅಂತ. "ಲೈಬ್ರರಿಯಿಂದ ತಂದೀನ್ರಿ" ಅಂದೆ. ಅತ್ತೆಯ ದನಿ ಲೈಬ್ರರಿಗೆ ಹೇಗೆ ಹೋಯಿತು ಅಂತ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ವಾಸಿಯಿತ್ತು.

ಆದರೆ ಆರನೇ ಬಟನ್ ಮಾತಾಡುವುದಿಲ್ಲ. ಅತ್ತೆಗೆ ಅದೇ ಬೇಕು. ನೀರು, ಚಹಾ ನಾನಾದರೂ ತಿಳಿದುಕೊಂಡೇನು. ಮಾವನವರು ಇಡೀ ದಿನ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಾ ಕೂರುತ್ತಾರೆ. ಮೊದಲಾದರೆ ಅತ್ತೆ ಒಳಗಿನಿಂದಲೇ "ಕೇಳಸ್ತೇನ್ರಿ" ಅಂತ ಒಂದು ಕೂಗು ಹಾಕಿದರೆ ಹಗ್ಗ ಅಲ್ಲೇ ಬಿಟ್ಟು ಬರುತ್ತಿದ್ದರು. ಈಗ ಅವರ ಫೋಟೋದ ಮೇಲೆ ಬೆರಳು ಒತ್ತಿ ಒತ್ತಿ, ಹಿತ್ತಲ ಬಾಗಿಲು ನೋಡುತ್ತಾರೆ. ನಾನೇ ಹೋಗಿ ಕರೆಯಲೇ ಅಂದರೆ ತಲೆ ಅಲ್ಲಾಡಿಸುತ್ತಾರೆ. ತಾವೇ ಕರೆಯಬೇಕಂತೆ.

ದನಿಯನ್ನು ಹಾಕಿದ್ದೇನೆ. ಸಾಲನ್ನೂ ನೀನು ಬರೆದಂತೆಯೇ ಶಮಾ ಒತ್ತಿದ್ದಾಳೆ. ಏನು ಮಾಡಲಿ ಹೇಳು.

ಅನ್ನಪೂರ್ಣಾ


ದುಮ್ಮವಾಡ
20 ಜುಲೈ 2024

ವೈನಿ,

ನಿಮ್ಮ ಪತ್ರವನ್ನು ಬಸ್ಸಿನಲ್ಲಿ ಓದಿದೆ, ನಿಂತುಕೊಂಡೇ. ಐದು ಮಾತಾಡಿ ಒಂದು ಮಾತಾಡುವುದಿಲ್ಲ ಅಂದರೆ ದಾರಿ ಸರಿ ಇದೆ, ಆ ದಾರಿಯ ಕೊನೆಯಲ್ಲಿ ಆ ಫೈಲು ಇಲ್ಲ ಅಂತ ಅರ್ಥ. ಇವನ್ನು ನೋಡಿ. ಫೈಲು dhwani ಕೋಣೆಯ ಒಳಗೇ ಇದೆಯೇ, ಹೊರಗೆ ಬಿದ್ದಿದೆಯೇ? ಹೆಸರಿನ ಮೊದಲ ಅಕ್ಷರ ದೊಡ್ಡದಾಗಿದೆಯೇ? ದೊಡ್ಡದು ಬೇರೆ, ಸಣ್ಣದು ಬೇರೆ ಅನ್ನುತ್ತದೆ ಅದು. ನಡುವೆ ಖಾಲಿ ಜಾಗ ಬಿಟ್ಟಿದ್ದೀರಾ? ಕೊನೆಗೆ mp3 ಅಂತಲೇ ಇದೆಯೇ, ಬೇರೇನಾದರೂ ಇದೆಯೇ?

ಅವ್ವ ಹಿತ್ತಲ ಬಾಗಿಲು ನೋಡುತ್ತಾಳೆ ಅಂತ ಬರೆದಿರಲ್ಲ, ಅದೊಂದು ಸಾಲು ನನ್ನನ್ನು ಪಾಠ ಮಾಡಲು ಬಿಡುತ್ತಿಲ್ಲ. ನಾಳೆಯೇ ಉತ್ತರ ಹಾಕಿ.

ಕೃಷ್ಣಾ


ಗುಡಗೇರಿ
2 ಆಗಸ್ಟ್ 2024

ಕೃಷ್ಣಾ,

ಎಲ್ಲ ನೋಡಿದೆ. ಕೋಣೆಯೊಳಗೇ ಇದೆ. ಎಲ್ಲ ಸಣ್ಣ ಅಕ್ಷರ. ಖಾಲಿ ಜಾಗ ಇಲ್ಲ. mp3 ಅಂತಲೇ ಇದೆ. ಫೈಲನ್ನು ನೇರವಾಗಿ ಒತ್ತಿದರೆ ದನಿ ಬರುತ್ತದೆ. ಹೆಸರು ಸರಿಯಾಗೇ ಇದೆ.

ಇಲ್ಲಿ ಮಳೆ ಹಿಡಿದಿದೆ. ಹಗ್ಗ ಹಸಿಯಾಗುತ್ತದೆ ಅಂತ ಮಾವನವರಿಗೆ ಕಿರಿಕಿರಿ.

ಅನ್ನಪೂರ್ಣಾ


ದುಮ್ಮವಾಡ
8 ಆಗಸ್ಟ್ 2024

ವೈನಿ,

ಹೆಸರು ಸರಿಯಾಗೇ ಇದ್ದರೆ ಅದು ಮಾತಾಡಲೇಬೇಕು. ಕಂಪ್ಯೂಟರಿಗೆ ಮುನಿಸು ಇರುವುದಿಲ್ಲ. ನೀವು ಏನೋ ಮುಚ್ಚಿಡುತ್ತಿದ್ದೀರಿ.

ಬಾಯಿ ಬಿಟ್ಟೇ ಹೇಳುತ್ತೇನೆ. ನಾನು ಮನೆ ಬಿಟ್ಟ ದಿನ ನೀವು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಈಗಲೂ ಅಷ್ಟೇ. ಅಪ್ಪನಿಗೆ ಸಿಟ್ಟು ಬಂದೀತು ಅನ್ನುವ ಒಂದೇ ಹೆದರಿಕೆಗೆ, ಅವ್ವ ತನ್ನ ಗಂಡನನ್ನು ಕರೆಯುವುದನ್ನೂ ತಡೆಯುತ್ತೀರಾ? ಹೇಳಿದಂತೆ ಹೆಸರು ಒತ್ತಲು ನಿಮಗೇನು ಧಾಡಿ? ಪಿಯುಸಿ ಓದಿದವರು ನೀವು!

ಉತ್ತರ ಬರೆಯುವುದಿದ್ದರೆ ನಿಜ ಬರೆಯಿರಿ. ಇಲ್ಲದಿದ್ದರೆ ಬೇಡ.

ಕೃಷ್ಣಾ


ಗುಡಗೇರಿ
31 ಆಗಸ್ಟ್ 2024

ಕೃಷ್ಣಾ,

ಬರೆಯಬಾರದು ಅಂತಲೇ ಇದ್ದೆ. ನಿನ್ನ ಪತ್ರ ಹರಿದು ಒಲೆಗೆ ಹಾಕಿದೆ. ಅತ್ತೆಯನ್ನು ನೋಡಲಾಗದೆ ಬರೆಯುತ್ತಿದ್ದೇನೆ.

ನೀನು ಕೇಳಿದ ನಿಜ ಇದು. ಶಮಾ ಆ ಸಾಲನ್ನು ಒತ್ತಿದಳು, ಅವಳಿಗೇನು, ಊರ ಹಿರಿಯರ ಹೆಸರು. ದನಿಯ ಫೈಲಿಗೆ ಹೆಸರು ಇಡುವಾಗ ಅವಳು ಯಾರಿಗೋ ಪುಸ್ತಕ ಕೊಡಲು ಎದ್ದಳು, "ನೀವ ಹಾಕ್ರಿ ಅಕ್ಕಾ" ಅಂದಳು. ನಾನು ಎಚ್ ಒತ್ತಿದೆ. ಎ ಒತ್ತಿದೆ. ಮುಂದೆ ಬೆರಳು ಏಳಲಿಲ್ಲ. ಈ ಮನೆಗೆ ಬಂದಾಗಿನಿಂದ ಮಾವನವರ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ಮುಂದೆ ಹಿಡಿಯುತ್ತೇನೆ. ನನ್ನ ಗಂಡನ ಹೆಸರನ್ನೇ ನಾನು ಹೇಳುವುದಿಲ್ಲ, ಇನ್ನು ಅವರದು! ಅದನ್ನೂ ಟೇಬಲ್ಲಿನ ಮೇಲೆ ಟಕ್ ಟಕ್ ಅಂತ ಬಡಿಯುತ್ತಾ. ನಿನಗೆ ಇದು ನಗೆ ಅನ್ನಿಸಬಹುದು, ನೀನು ಪತ್ರದಲ್ಲಿ ಫಕೀರೇಶ ಅಂತ ಗಂಡನ ಹೆಸರು ಸಲೀಸಾಗಿ ಬರೆಯುವವಳು. ನನ್ನ ಕೈ ಹಾಗಿಲ್ಲ.

ಒತ್ತಿದ್ದೆರಡನ್ನೂ ಅಳಿಸಿ mava.mp3 ಅಂತ ಇಟ್ಟೆ. ನನಗೆ ಅವರ ಹೆಸರೇ ಅದು. ಅದಕ್ಕೇ ಹೆಸರು ಸರಿಯಾಗಿದೆ ಅಂತ ಬರೆದದ್ದು, ಸುಳ್ಳು ಬರೆಯಲಿಲ್ಲ. ಇನ್ನೊಂದು, ಬರೀ ಹೆಸರು ಕತ್ತರಿಸು ಅಂದಿದ್ದೆಯಲ್ಲ, ಅದನ್ನೂ ಮಾಡಿಲ್ಲ. ಅತ್ತೆಯ ಬಾಯಲ್ಲಿ ಗಂಡನ ಹೆಸರು ಬೋಳಾಗಿ ಬರುವುದೇ? ಇಡೀ ಒಡಪನ್ನೇ ಹಾಕಿದ್ದೇನೆ.

ಅಡುಗೆಮನೆಯ ಮಾತು ತೆಗೆದೆಯಲ್ಲ. ಅವತ್ತು ಬಾಗಿಲಿಗೆ ಅಡ್ಡ ನಿಂತು ನಿನ್ನ ಅವ್ವನನ್ನು ಹಿಡಿದುಕೊಂಡಿದ್ದೆ ನಾನು. ನಿನ್ನ ಹಿಂದೆ ಓಡಲು ಹೊರಟಿದ್ದರು, ಕಣ್ಣು ಕತ್ತಲೆ ಬಂದು ಬಿದ್ದರು. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಅನ್ನಪೂರ್ಣಾ


ದುಮ್ಮವಾಡ
6 ಸೆಪ್ಟೆಂಬರ್ 2024

ವೈನಿ,

ಮೊದಲು ನಕ್ಕೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ನಕ್ಕೆ. ಕೊನೆಯ ಸಾಲುಗಳಿಗೆ ಬಂದಮೇಲೆ ಎದ್ದು ಹೊರಗೆ ಹೋಗಬೇಕಾಯಿತು.

ನನ್ನದು ಬಾಯಿ ದೊಡ್ಡದು. ಹೊಟ್ಟೆಗೆ ಹಾಕಿಕೊಳ್ಳಿ.

ಮಕ್ಕಳಿಗೆ ಪಾಠ ಹೇಳುವ ನಾನು, ನೀವು ಯಾವ ಹೆಸರು ಇಟ್ಟಿರಿ ಅಂತ ಒಮ್ಮೆಯೂ ಕೇಳಲಿಲ್ಲ. ದೊಡ್ಡ ಅಕ್ಷರವೇ ಸಣ್ಣ ಅಕ್ಷರವೇ ಅಂತ ಕೇಳಿದೆ. ನೀವು ಹೆಸರು ಬದಲಿಸಬೇಡಿ. ಹಾಗೇ ಇರಲಿ. ಸಾಲನ್ನೇ ಬದಲಿಸೋಣ:

../dhwani/mava.mp3

ಇಷ್ಟೇ. ನೀವು ನಿಂತ ಜಾಗದಿಂದ ಅಪ್ಪ ಮಾವನೇ ತಾನೇ. ಒಡಪು ಪೂರ್ತಿ ಇರುವುದೂ ಒಳ್ಳೆಯದೇ ಆಯಿತು. ಇದನ್ನು ನೀವೇ ನಿಮ್ಮ ಕೈಯಾರೆ ಒತ್ತಿ, ಶಮಾ ಬೇಡ. ಅವ್ವ ಕರೆದಳೇ, ಅಪ್ಪ ಬಂದನೇ, ಅಷ್ಟನ್ನು ಒಂದು ಕಾರ್ಡಿನಲ್ಲಾದರೂ ಗೀಚಿ ಹಾಕಿ.

ನಿಮ್ಮ ಕೃಷ್ಣಾ


ಗುಡಗೇರಿ
19 ಸೆಪ್ಟೆಂಬರ್ 2024

ಕೃಷ್ಣವ್ವಾ,

ಕರೆದರು. ಬಂದರು.

ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗಿನಿಂದ ಒಡಪು ಕೇಳಿತು, ಅವತ್ತಿನ ಹೆಂಗಸರ ಗದ್ದಲದ ಸಮೇತ. ಮಾವನವರು ಹೊಸೆಯುತ್ತಿದ್ದ ಹಗ್ಗವನ್ನು ಹೆಗಲ ಮೇಲೆ ಹಾಗೇ ಎಳೆದುಕೊಂಡು ಓಡಿ ಬಂದರು. ಆ ಫೋನಿನಲ್ಲಿ ತಮ್ಮ ಹೆಸರು ಎಂದೂ ಕೇಳಿರಲಿಲ್ಲವಲ್ಲ, ನಿಜವಾಗಿಯೂ ಅತ್ತೆಗೆ ಮಾತು ಬಂತು ಅಂದುಕೊಂಡರು ಪಾಪ. "ಏನಂದಿ? ಏನಂದಿ? ಇನ್ನೊಮ್ಮಿ ಅನ್ನು" ಅಂತ ಮಂಚದ ಮುಂದೆ ಮೊಣಕಾಲೂರಿ ಕೂತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಒತ್ತಿದರು. ಸಿಟ್ಟು ಬಂದರೆ ಮೂರು ಹೊತ್ತು ಮಾತಾಡುವುದಿಲ್ಲ ಅನ್ನುವ ಸಾಲು ಬಂತಲ್ಲ, ಮಾವನವರು ತಲೆ ತಗ್ಗಿಸಿದರು. ಹಗ್ಗದ ತುದಿಯಿಂದಲೇ ಕಣ್ಣು ಒರೆಸಿಕೊಂಡರು. ನಾನು ಅವರನ್ನು ಹಾಗೆ ಎಂದೂ ನೋಡಿಲ್ಲ, ನನಗೂ ತಡೆಯಲಾಗಲಿಲ್ಲ.

ಈಗ ನಿನಗೆ ಹೇಳದೇ ಮಾಡಿದ ಒಂದು ಕೆಲಸ. ಆ ವಿಡಿಯೋದಲ್ಲಿ ಒಡಪು ಮುಗಿದ ಮೇಲೆ ಅತ್ತೆ ಇನ್ನೊಂದು ಮಾತು ಹೇಳಿದ್ದಾರೆ, ನೆನಪಿದೆಯೇ? ನೀನು ಆರತಿ ತಟ್ಟೆ ಹಿಡಿದು ಒಳಗೆಲ್ಲೋ ನಿಂತಿದ್ದೆ. "ಕೃಷ್ಣಾ, ಎಲ್ಲಿ ಹೋದಿಬೇ? ಲಗೂನ ಬಾ!" ಅಂತ ಕೂಗಿದ್ದರು. ಅಷ್ಟನ್ನು ಕತ್ತರಿಸಿ, ನಿನ್ನ ಫೋಟೋ ಹಾಕಿ, ಏಳನೇ ಬಟನ್ ಮಾಡಿದೆ. ಸಾಲನ್ನು ನಾನೇ ಬರೆದೆ, ಹೊಸ್ತಿಲು ದಾಟುವ ಎರಡು ಚುಕ್ಕಿಯನ್ನೂ ಮರೆಯದೆ. ಮೊದಲ ಸಲಕ್ಕೇ ಮಾತಾಡಿತು. ಎಲ್ಲವನ್ನೂ ಮಾಡಿ ನಿನ್ನದನ್ನು ನೀನೇ ಬಿಟ್ಟಿದ್ದೆಯಲ್ಲ, ಹೆದರಿಕೆಯವಳು ಯಾರು ಹೇಳು?

ಅವತ್ತಿನಿಂದ ಅತ್ತೆ ನೀರು ಕೇಳುವುದನ್ನೂ ಮರೆತು ಅದನ್ನೇ ಒತ್ತುತ್ತಾರೆ. ಮಾವನವರು ಮಂಚದ ಬಾಜುವೇ ಕೂತಿರುತ್ತಾರೆ. ಹಗ್ಗ ಹಿತ್ತಲಲ್ಲೇ ಬಿದ್ದಿದೆ.

ಅನ್ನಪೂರ್ಣಾ


ದುಮ್ಮವಾಡ
25 ಸೆಪ್ಟೆಂಬರ್ 2024

ವೈನಿ,

ಮೂರು ಸಲ ಬರೆದು ಹರಿದೆ. ಅಪ್ಪ ಏನಂದ? ಇನ್ನೂ ಏನೂ ಅನ್ನಲಿಲ್ಲವೇ? ಫೋನು ಎತ್ತಿ ಎಸೆಯಲಿಲ್ಲವಲ್ಲ? ಅವ್ವ ಈಗಲೂ ಒತ್ತುತ್ತಾಳೆಯೇ? ಅಂಚೆಯವನ ಸೈಕಲ್ಲು ಕಂಡರೆ ಸಾಕು, ಪಾಠ ಬಿಟ್ಟು ಗೇಟಿಗೆ ಓಡುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ. ಒಂದು ಸಾಲು ಬರೆಯಿರಿ.

ಕೃಷ್ಣಾ


ಗುಡಗೇರಿ
3 ಅಕ್ಟೋಬರ್ 2024

ಕೃಷ್ಣಾ,

ಇದನ್ನ ಲೈಬ್ರರಿ ಶಮಾನ ಕೈಲೆ ಬರಸಾಕತ್ತೇನಿ. ನಾ ಹೇಳಿದ್ದು ಹೇಳಿದ ಹಂಗ ಬರಿ ಅಂತ ಹೇಳೀನಿ. ನಿಮ್ಮ ವೈನಿ ಬಾಗಲದಾಗ ನಿಂತಾಳ, ಒಳಗ ಬರವಲ್ಲಳು.

ನಿನ್ನ ಕೂಡ ಮಾತಾಡಬಾರದು ಅಂತ ಆಣಿ ಹಾಕಿದವ ನಾ. ನನ್ನ ಆಣಿ ನಾ ಮುರಿಯಾಂವಲ್ಲ. ಬರಸಬಾರದು ಅಂತೇನ ಅಂದಿಲ್ಲ. ಅದನ್ನ ಈ ಮನ್ಯಾಗ ಕೆಲವರು ನನಗಿಂತ ಮೊದಲ ತಿಳಕೊಂಡಾರ, ಅದೂ ನನಗ ಗೊತ್ತೈತಿ.

ನೀ ಮಾಡಿದ ಈ ಯಂತ್ರದಾಗ ಒಂದು ಖೋಡಿ ಐತಿ. ಐದು ಬಟನ್ ಒತ್ತಿದ್ರ ಬೇಕಾದ್ದು ಬರತೈತಿ. ಆರನೇದ್ದು ಒತ್ತಿದ್ರ ನಾ ಬರತೇನಿ. ಏಳನೇದ್ದನ್ನ ನಿಮ್ಮವ್ವ ಮುಂಜಾನಿಂದ ಸಂಜೀತನಕ ಒತ್ತತಾಳ. ಒದರತೈತಿ, ಯಾರೂ ಬರವಲ್ರು. ಬಾಗಲಾ ನೋಡತಾಳ, ನನ್ನ ಮಾರಿ ನೋಡತಾಳ. ನನಗ ಅಲ್ಲಿ ಕುಂದ್ರಾಕ ಆಗವಲ್ದು.

ಪ್ಯಾಸೆಂಜರ್ ಗಾಡಿಗೆ ಬಾ. ಟೇಷನ್ನಿಗೆ ನಾ ಬಂದಿರತೇನಿ. ನಿನ್ನ ಗಂಡಗ ಈ ಕಂಪ್ಯೂಟರ್ ಕೆಲಸ ಬರತಿದ್ರ ಕರಕೊಂಡ ಬಾ. ಬರದಿದ್ರೂ ಕರಕೊಂಡ ಬಾ.

ಏಳನೇ ಬಟನ್ ಕೆಟ್ಟೈತಿ. ಲಗೂನ ಬಂದು ರಿಪೇರಿ ಮಾಡು.

ನಿಮ್ಮಪ್ಪ
ಹನಮಂತಪ್ಪ